ವೈಲ್ಡ್ ರೈಸ್: ಹೆಸರು ಒಂದು, ಬೆಲೆ ಎರಡು

‘ವೈಲ್ಡ್ ರೈಸ್’ ಎಂದರೆ ಕಾಡುಭತ್ತ ಎನಿಸುತ್ತದೆ. ಇದು ಭತ್ತವಲ್ಲ, ಭತ್ತಕ್ಕೆ ದೂರದ ನಂಟಿರುವ ಜಿಜೇನಿಯಾ ಎಂಬ ನೀರುಹುಲ್ಲು. ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಮತ್ತು ಪಕ್ಕದ ಕೆನಡಾದ ಕೆರೆಗಳಲ್ಲಿ, ನಿಧಾನವಾಗಿ ಹರಿಯುವ ಹೊಳೆಗಳಲ್ಲಿ ಬೆಳೆಯುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರು ಇದನ್ನು ‘ಮನೂಮಿನ್’ ಎನ್ನುತ್ತಾರೆ. ಕಾಳು ಉದ್ದ, ತೆಳು. ಆದರೂ ನಮ್ಮ ಮನೆಯ ಬಿರಿಯಾನಿಗೆ ಒಗ್ಗುವುದು ಅನುಮಾನ.

ಉದುರಿದ ಕಾಳು ಕೆಸರಿನಲ್ಲಿ ಚಳಿಗಾಲ ಕಳೆದು ವಸಂತದಲ್ಲಿ ಮೊಳೆಯುತ್ತದೆ. ಮೊದಲು ಎಲೆಗಳು ರಿಬ್ಬನ್ನಿನಂತೆ ನೀರಿನ ಮೇಲೆ ತೇಲುತ್ತವೆ, ಆಮೇಲೆ ದಂಟು ಎದ್ದು ನಿಲ್ಲುತ್ತದೆ. ಎಲೆ ತೇಲುವ ದಿನಗಳಲ್ಲಿ ನೀರು ಏಕಾಏಕಿ ಏರಿದರೆ ಗಿಡ ಬೇರುಸಹಿತ ಕಿತ್ತುಬರುತ್ತದೆ. ಅಣೆಕಟ್ಟಿನಿಂದ ಹೀಗೆ ಹುಲ್ಲು ಅಳಿದ ಕೆರೆಗಳಿವೆ. ಗಣಿಗಳಿಂದ ಬರುವ ಸಲ್ಫೇಟ್ ಕೂಡ ಇದಕ್ಕೆ ಕೇಡು. ಮಿನ್ನೆಸೋಟ 1973ರಲ್ಲಿ ಲೀಟರಿಗೆ 10 ಮಿಲಿಗ್ರಾಂ ಎಂದು ಮಿತಿ ಹಾಕಿತು. ದಶಕಗಳ ಕಾಲ ಅದು ಹೆಚ್ಚಾಗಿ ಕಾಗದದ ಮೇಲೇ ಉಳಿಯಿತು.

ಆಗಸ್ಟ್ ಕೊನೆಗೆ ಕೊಯ್ಲು ಶುರು. ದೋಣಿಯಲ್ಲಿ ಇಬ್ಬರು. ಒಬ್ಬರು ಗಳದಿಂದ ದೋಣಿ ನೂಕುತ್ತಾರೆ. ಇನ್ನೊಬ್ಬರು ಒಂದು ಕೋಲಿನಿಂದ ದಂಟು ಬಾಗಿಸಿ ಮತ್ತೊಂದರಿಂದ ಮೆಲ್ಲಗೆ ತಟ್ಟುತ್ತಾರೆ. ಮಾಗಿದ ಕಾಳು ದೋಣಿಗೆ ಬೀಳುತ್ತದೆ, ಒಂದಷ್ಟು ನೀರಿಗೆ. ಎಲ್ಲವೂ ಒಟ್ಟಿಗೆ ಮಾಗುವುದಿಲ್ಲ, ಕೆಲವು ದಿನ ಬಿಟ್ಟು ಅದೇ ಜಾಗಕ್ಕೆ ಮತ್ತೆ ಬರಬೇಕು. ನಂತರ ಹುರಿಯಬೇಕು, ತುಳಿದು ಸಿಪ್ಪೆ ಬಿಡಿಸಬೇಕು, ತೂರಬೇಕು. ಲೆಕ್ಕಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ನೀರಿಗೆ ಬಿದ್ದ ಕಾಳನ್ನು ನಾನು ನಷ್ಟಕ್ಕೆ ಹಾಕಲಾರೆ. ಅದು ಮುಂದಿನ ವರ್ಷದ ಬೀಜ.

1950ರ ದಶಕದಿಂದ ಮಿನ್ನೆಸೋಟದಲ್ಲಿ ಇದನ್ನು ಗದ್ದೆಯಲ್ಲೂ ಬೆಳೆಯತೊಡಗಿದರು. ಮುಂದೆ ಕಾಳು ಸುಲಭವಾಗಿ ಉದುರದ ತಳಿಗಳು ಬಂದವು. ಯಂತ್ರ ಇಳಿಸಿ ಒಮ್ಮೆಲೇ ಕೊಯ್ಯಬಹುದಾಯಿತು. ಕ್ಯಾಲಿಫೋರ್ನಿಯಾದ ರೈತರೂ ಸೇರಿಕೊಂಡರು. ಪೂರೈಕೆ ಹೆಚ್ಚಿತು, ಬೆಲೆ ಇಳಿಯಿತು. ದೋಣಿಯಲ್ಲಿ ಹೋಗುವವರ ದುಡಿಮೆ ಮಾತ್ರ ಇಳಿಯಲಿಲ್ಲ. ಅವರು ಹೆಚ್ಚಿನ ಬೆಲೆ ಹೇಳಲೇಬೇಕು. ಆದರೆ ಎರಡೂ ಪೊಟ್ಟಣಗಳ ಮೇಲೆ ಅದೇ ‘ವೈಲ್ಡ್ ರೈಸ್’!

ಗದ್ದೆಯಲ್ಲಿ ಬಿತ್ತಿ ಬೆಳೆದದ್ದು ‘ವೈಲ್ಡ್’ ಹೇಗಾಗುತ್ತದೆ? ವ್ಯವಹಾರ ಅಧ್ಯಯನದಲ್ಲಿ ಲೇಬಲಿಂಗ್ ಓದಿದ ನಮಗೆ ಈ ಪ್ರಶ್ನೆ ಏಳಬೇಕು. ಗದ್ದೆಯ ಕಾಳಾದರೆ ಹಾಗೆಂದು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಮಿನ್ನೆಸೋಟದ ಕಾನೂನು ಹೇಳುತ್ತದೆ. ಅಂಥ ಕಾನೂನು ಎಲ್ಲ ಕಡೆ ಇರಬೇಕೆಂಬುದು ನನ್ನ ಅಭಿಪ್ರಾಯ. ಇಲ್ಲದ ಕಡೆ ಬಣ್ಣ ನೋಡಬಹುದು: ಗದ್ದೆಯದ್ದು ಸಾಮಾನ್ಯವಾಗಿ ಹೊಳೆಯುವ ಕಪ್ಪು, ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ಕೆರೆಯದ್ದು ಕಂದು, ಬೇಗ ಬೇಯುತ್ತದೆ.