ಕಾಲಡಿಯ ಕಲ್ಲಿನಿಂದ ಹಿಮಾಲಯಕ್ಕೆ

ಭಾರತದ ಪ್ರಾಕೃತಿಕ ವಿಭಾಗಗಳ ಪಾಠವನ್ನು ಸಾಮಾನ್ಯವಾಗಿ ಹಿಮಾಲಯದಿಂದ ಶುರು ಮಾಡುತ್ತಾರೆ. ಭೂಪಟದಲ್ಲಿ ಅದು ನೆತ್ತಿಯ ಮೇಲಿದೆಯಲ್ಲ! ಅಲ್ಲಿಂದ ಕೆಳಗಿಳಿದು ಮೈದಾನ, ಮರುಭೂಮಿ, ಪ್ರಸ್ಥಭೂಮಿ, ಕರಾವಳಿ, ದ್ವೀಪ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಹಲವು ವರ್ಷ ನಾನೂ ಹೀಗೇ ಪಾಠ ಮಾಡಿದೆ. ಈಗ ಕ್ರಮ ತಿರುಗಿಸಿಕೊಂಡಿದ್ದೇನೆ: ಹಳೆಯ ನೆಲ ಮೊದಲು, ಎಳೆಯ ನೆಲ ಆಮೇಲೆ. ಆಗ ಒಂದು ಭಾಗ ಇನ್ನೊಂದನ್ನು ಹೇಗೆ ಹುಟ್ಟಿಸಿತು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಹಳೆಯ ನೆಲ ಹುಡುಕಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನು ಹತ್ತಿ, ಬಿಸಿಲೇರುವ ಮುಂಚೆ ಅದರ ಮೇಲೆ ಅಂಗೈ ಇಡಿ. ಬಗ್ಗಿ ನೋಡಿದರೆ ಬೂದು-ಬಿಳಿ ಪಟ್ಟೆಗಳ ನಡುವೆ ಕಪ್ಪು ಪಟ್ಟೆಗಳು ಕಾಣುತ್ತವೆ, ಎರಡು ಬಣ್ಣದ ಹಿಟ್ಟನ್ನು ಅರೆಬರೆ ನಾದಿಟ್ಟ ಹಾಗೆ. ಇದು ನೈಸ್ ಎಂಬ ಶಿಲೆ. ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಒಡಲಾಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡ ಕಲ್ಲು ಇದು. ಮೇಲಿದ್ದದ್ದೆಲ್ಲ ಸವೆದು ಹೋದ ಮೇಲೆ ಹೊರಗೆ ಕಾಣಿಸಿಕೊಂಡಿದೆ. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ.

ಇಂಥ ಕಲ್ಲೇ ನಮ್ಮ ಪರ್ಯಾಯ ಪ್ರಸ್ಥಭೂಮಿಯ ಅಡಿಪಾಯ. ಪ್ರಸ್ಥಭೂಮಿ ಎಂದರೆ ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿದ್ದು ಮೇಲ್ಭಾಗ ಹೆಚ್ಚುಕಡಿಮೆ ಮಟ್ಟಸವಾಗಿರುವ ಭೂಮಿ. ನಮ್ಮದು ತ್ರಿಕೋನಾಕಾರದ್ದು, ಪೂರ್ವಕ್ಕೆ ತುಸು ವಾಲಿದೆ. ಕೃಷ್ಣೆಯನ್ನೇ ನೋಡಿ. ಅವಳು ಹುಟ್ಟುವ ಮಹಾಬಲೇಶ್ವರಕ್ಕೂ ಅರಬ್ಬಿ ಸಮುದ್ರಕ್ಕೂ ನಡುವೆ ಇರುವುದು ಸುಮಾರು 65 ಕಿಲೋಮೀಟರ್ ಮಾತ್ರ. ಆದರೂ ಆ ಕಡೆ ತಿರುಗದೆ, ಸುಮಾರು 1,400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ತಟ್ಟೆಯ ಒಂದು ಅಂಚು ಎತ್ತಿದರೆ ಸಾರು ಇನ್ನೊಂದು ಅಂಚಿಗೆ ಹರಿಯುವುದಿಲ್ಲವೇ, ಹಾಗೆ. ನರ್ಮದೆ, ತಾಪಿ ಮಾತ್ರ ಪಶ್ಚಿಮಕ್ಕೆ ಹೋಗುವ ದೊಡ್ಡ ನದಿಗಳು; ನೆಲ ಬಿರಿದು ಕುಸಿದ ತಗ್ಗು ಅವಕ್ಕೆ ದಾರಿಯಾಗಿ ಸಿಕ್ಕಿತು.

ಎತ್ತಿದ ಆ ಅಂಚೇ ಸಹ್ಯಾದ್ರಿ. ಹೊಸಬರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಲ್ಲೋಣ. ಮಂಗಳೂರಿನ ಕಡೆಯಿಂದ ರೈಲಿನಲ್ಲಿ ಬಂದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣ ದಾಟಿದ ಮೇಲೆ ಗಾಡಿ ಏದುಸಿರು ಬಿಡುತ್ತಾ ಘಟ್ಟ ಹತ್ತುತ್ತದೆ. 55 ಕಿಲೋಮೀಟರಿನಷ್ಟು ದಾರಿಯಲ್ಲಿ 57 ಸುರಂಗ. ಕಿಟಕಿಯ ಹೊರಗೆ ಕತ್ತಲೆ, ಹಸಿರು, ಮತ್ತೆ ಕತ್ತಲೆ. 900 ಮೀಟರಿಗೂ ಎತ್ತರದ ಸಕಲೇಶಪುರ ಬರುತ್ತದೆ. ಬೆಟ್ಟವನ್ನು ಹತ್ತಿದ ಮೇಲೆ ಆಚೆ ಬದಿಗೆ ಇಳಿಯಬೇಕಲ್ಲ? ರೈಲು ಇಳಿಯುವುದೇ ಇಲ್ಲ. ಹಾಸನ ಬಂದರೂ, ಬೆಂಗಳೂರು ಬಂದರೂ ಅಷ್ಟೇ ಎತ್ತರದಲ್ಲಿ ಇರುತ್ತೇವೆ. ಮುಳ್ಳಯ್ಯನಗಿರಿಯಂಥ ಶಿಖರಗಳು ಅಲ್ಲಲ್ಲಿ ತಲೆ ಎತ್ತಿರುವುದು ನಿಜ. ಆದರೆ ಕೆಳಗಿನಿಂದ ಬೆಟ್ಟಸಾಲಿನಂತೆ ಕಾಣುವ ಪಶ್ಚಿಮ ಘಟ್ಟದ ಬಹುಭಾಗ ಪ್ರಸ್ಥಭೂಮಿಯ ಕಡಿದಾದ ಅಂಚು. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂದರೇ ಹೊರತು ‘ಘಟ್ಟದ ಆಚೆ’ ಎಂದವರು ಕಡಿಮೆ.

ಈ ಹಳೆಯ ಕಲ್ಲಿನ ವಾಯವ್ಯ ಭಾಗದ ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಡಿತು. ಚಿತ್ರಗಳಲ್ಲಿ ಕಾಣುವ ಶಂಕುವಿನಾಕಾರದ ಜ್ವಾಲಾಮುಖಿಯ ಬಾಯಿಂದಲ್ಲ, ನೆಲದ ಉದ್ದುದ್ದ ಬಿರುಕುಗಳಿಂದ ಉಕ್ಕಿ, ದೋಸೆಯ ಮೇಲೆ ದೋಸೆ ಪೇರಿಸಿದಂತೆ ಪದರಪದರವಾಗಿ ಹೆಪ್ಪುಗಟ್ಟಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಉಳಿದಿದೆ. ಗೋಳಗುಮ್ಮಟದ ಕಪ್ಪುಬೂದು ಗೋಡೆ ಈ ಬಸಾಲ್ಟ್ ಶಿಲೆಯದೇ. ಕಲ್ಲು ಕರಗಿ ಎರೆಮಣ್ಣಾಯಿತು. ಬೇಸಿಗೆಯಲ್ಲಿ ವಿಜಯಪುರದ ಎರೆಹೊಲ ಕೈ ತೂರುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ಅರಳಿಕೊಂಡು, ಹಿಂಗಾರಿನ ಬಿಳಿಜೋಳಕ್ಕೆ ಬೇಕಾದ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ವಿಜಯಪುರದವರ ರೊಟ್ಟಿಗೂ ಕೋಲಾರದವರ ಮುದ್ದೆಗೂ ಇರುವ ವ್ಯತ್ಯಾಸಕ್ಕೆ ಅರ್ಧ ಕಾರಣ ಕಾಲಡಿಯ ಕಲ್ಲೇ ಎಂದು ನನಗನ್ನಿಸುತ್ತದೆ.

ಈಗ ಉತ್ತರಕ್ಕೆ ಹೋಗೋಣ. ನಮ್ಮ ಈ ಪ್ರಸ್ಥಭೂಮಿ ಹಿಂದೆ ಆಫ್ರಿಕಾ, ಅಂಟಾರ್ಕ್ಟಿಕಾಗಳಿಗೆ ಅಂಟಿಕೊಂಡಿತ್ತು. ಆ ಮಹಾಖಂಡಕ್ಕೆ ಗೊಂಡ್ವಾನಾ ಎಂದು ಹೆಸರು. ಅಲ್ಲಿಂದ ಬಿಡಿಸಿಕೊಂಡು ಉತ್ತರಕ್ಕೆ ಸರಿಯಿತು. ಏಷ್ಯಾಕ್ಕೂ ಇದಕ್ಕೂ ನಡುವೆ ಟೆಥಿಸ್ ಎಂಬ ಸಮುದ್ರವಿತ್ತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಎರಡೂ ಡಿಕ್ಕಿಯಾದವು. ನಡುವಿನ ಸಮುದ್ರತಳದ ಕೆಸರು, ಸುಣ್ಣಕಲ್ಲು ಎಲ್ಲ ಮಡಚಿಕೊಂಡು ಮೇಲೆದ್ದು ಹಿಮಾಲಯವಾಯಿತು.

ಸಮುದ್ರವಿತ್ತು ಎನ್ನುವುದಕ್ಕೆ ಸಾಕ್ಷಿ? ಎವರೆಸ್ಟಿನ ತುದಿ 8,848.86 ಮೀಟರ್ ಎತ್ತರದಲ್ಲಿದೆ. ಅಲ್ಲಿರುವುದು ಕಡಲಜೀವಿಗಳ ಅವಶೇಷ ಅಡಗಿರುವ ಸುಣ್ಣಕಲ್ಲು. ಅಷ್ಟು ದೂರವೂ ಬೇಡ, ಎಷ್ಟೋ ಕನ್ನಡಿಗರ ದೇವರ ಪೆಟ್ಟಿಗೆಯಲ್ಲೇ ಸಾಕ್ಷಿ ಇದೆ. ಗಂಡಕಿ ನದಿಯ ಸಾಲಿಗ್ರಾಮ. ಕರಿಯ, ನುಣುಪಾದ ಕಲ್ಲು; ಬಾಯಿಯ ಒಳಗೆ ಸುರುಳಿ ಸುತ್ತಿದ ಗೆರೆಗಳು. ಆ ಚಕ್ರ ಅಮೊನೈಟ್ ಎಂಬ ಸಮುದ್ರಜೀವಿಯ ಚಿಪ್ಪಿನ ಗುರುತು. ಹತ್ತು ಕೋಟಿ ವರ್ಷಕ್ಕೂ ಹಿಂದೆ ಟೆಥಿಸಿನ ತಳದಲ್ಲಿ ಹೂತುಹೋದದ್ದು, ಪರ್ವತದೊಡನೆ ಮೇಲೇರಿತು, ನದಿಯೊಡನೆ ಕೆಳಗಿಳಿಯಿತು, ಯಾತ್ರಿಕರ ಕೈಹಿಡಿದು ನಮ್ಮ ಮನೆಗೆ ಬಂತು. ಇದನ್ನು ತಿಳಿದ ಮೇಲೆ ಅಭಿಷೇಕದ ಹೊತ್ತಿನ ನನ್ನ ಭಕ್ತಿ ಹೆಚ್ಚಿದೆಯೇ ಹೊರತು ಕುಂದಿಲ್ಲ.

ಹಿಮಾಲಯ ಒಂದೇ ಗೋಡೆಯಲ್ಲ. ಅತಿ ಎತ್ತರದ ಹಿಮಾದ್ರಿ, ಅದರ ದಕ್ಷಿಣಕ್ಕೆ ಶಿಮ್ಲಾ, ಮಸ್ಸೂರಿಗಳಿರುವ ಹಿಮಾಚಲ, ಕೊನೆಗೆ ತಗ್ಗಿನ ಶಿವಾಲಿಕ್ ಹೀಗೆ ಮೂರು ಸಾಲು. ಹಿಮಾಚಲಕ್ಕೂ ಶಿವಾಲಿಕ್‌ಗೂ ನಡುವಿನ ಅಗಲ ಕಣಿವೆಗೆ ಡೂನ್ ಎನ್ನುತ್ತಾರೆ. ಡೆಹ್ರಾಡೂನ್ ಹೆಸರಿನಲ್ಲಿರುವುದು ಅದೇ. ತಳ್ಳಾಟ ನಿಂತಿಲ್ಲ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಲೇ ಇದೆ. 2015ರ ನೇಪಾಳದ ಭೂಕಂಪ ಆ ಒತ್ತಡ ಸಿಡಿದದ್ದರ ಫಲ.

ಪರ್ವತ ಏಳುತ್ತಿದ್ದಂತೆ ಅದರ ಬುಡದ ನೆಲ ಭಾರಕ್ಕೆ ಬಾಗಿ ತಗ್ಗಾಯಿತು. ಸಿಂಧೂ, ಗಂಗಾ, ಬ್ರಹ್ಮಪುತ್ರ ಮತ್ತು ಅವುಗಳ ಉಪನದಿಗಳು ಬೆಟ್ಟವನ್ನು ಕೊರೆದು ತಂದ ಮೆಕ್ಕಲು ಆ ತಗ್ಗನ್ನು ತುಂಬಿತು. ಅದೇ ಉತ್ತರದ ಮೈದಾನ. ಉರುಟು ಕಲ್ಲುಗಳು ಬುಡದಲ್ಲೇ ಉಳಿಯುತ್ತವೆ. ಆ ಪಟ್ಟಿ ಭಾಬರ್, ಅಲ್ಲಿ ಸಣ್ಣ ಹೊಳೆಗಳು ಕಲ್ಲಿನ ಸಂದಿಯಲ್ಲಿ ಇಂಗಿ ಮಾಯವಾಗುತ್ತವೆ. ಆ ನೀರು ಮತ್ತೆ ಮೇಲೇಳುವ ಜವುಗು ನೆಲ ತೆರಾಯ್. ಅಲ್ಲಿಂದ ಮುಂದಕ್ಕೆ ನುಣ್ಣನೆಯ ಮಣ್ಣು. ಎಷ್ಟು ಮಟ್ಟಸ ಎಂದರೆ ಬಂಗಾಳ ಕೊಲ್ಲಿಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ಒಳಗಿರುವ ದೆಹಲಿಯ ಎತ್ತರ 215 ಮೀಟರಿನ ಆಸುಪಾಸು, ನಮ್ಮ ಬೆಂಗಳೂರಿನ ಕಾಲು ಭಾಗ. ಉತ್ತರ ಪ್ರದೇಶ, ಬಿಹಾರಗಳಲ್ಲಿ ರೈಲಿನಿಂದ ಹೊರಗೆ ನೋಡಿದರೆ ಹೊಲಗಳ ನಡುವೆ ಇಟ್ಟಿಗೆ ಭಟ್ಟಿಗಳ ಚಿಮಣಿಗಳು ಸಾಲುಗಟ್ಟಿರುತ್ತವೆ. ಕಟ್ಟಲು ಕಲ್ಲು ಸಿಗದ ಕಡೆ ಮಣ್ಣನ್ನೇ ಸುಟ್ಟು ಕಲ್ಲು ಮಾಡಿಕೊಳ್ಳಬೇಕು. ನಮ್ಮಲ್ಲಿ ಕಲ್ಲುಚಪ್ಪಡಿ ನೆಟ್ಟು ಹೊಲಕ್ಕೆ ಬೇಲಿ ಹಾಕುವುದನ್ನು ಅಲ್ಲಿಯವರಿಗೆ ಹೇಳಿದರೆ ಅಚ್ಚರಿಪಡುತ್ತಾರೆ.

ಈ ಮೈದಾನದ ಪಶ್ಚಿಮದಲ್ಲಿ, ಅರಾವಳಿಯ ಆಚೆ, ಥಾರ್ ಮರುಭೂಮಿ. ಮುಂಗಾರಿನ ಅರಬ್ಬಿ ಶಾಖೆಗೆ ಅರಾವಳಿ ಅಡ್ಡ ನಿಲ್ಲುವುದಿಲ್ಲ, ಸಮಾನಾಂತರವಾಗಿ ಮಲಗಿದೆ. ಮೋಡ ತಡೆಯುವವರಿಲ್ಲ, ಮಳೆಯಿಲ್ಲ. ಅಲ್ಲಿಯ ಲೂನಿ ನದಿಯ ಹೆಸರೇ ಲವಣದಿಂದ ಬಂದದ್ದು. ಅದು ಸಮುದ್ರ ಕಾಣದೆ ಕಚ್ಛದ ರಣದಲ್ಲಿ ಇಂಗುತ್ತದೆ.

ಕರಾವಳಿ ಎರಡು, ಸ್ವಭಾವವೂ ಎರಡು. ಪ್ರಸ್ಥಭೂಮಿ ಪೂರ್ವಕ್ಕೆ ವಾಲಿರುವುದರಿಂದ ಗೋದಾವರಿ, ಕೃಷ್ಣಾ, ಕಾವೇರಿಯರು ನಿಧಾನವಾಗಿ ಹರಿದು, ಹೊತ್ತ ಮಣ್ಣನ್ನು ಕಡಲಂಚಿನಲ್ಲಿ ಇಳಿಸಿ ಅಗಲವಾದ ಮುಖಜಭೂಮಿ ಕಟ್ಟಿದ್ದಾರೆ. ತಂಜಾವೂರಿನ ಭತ್ತದ ಗದ್ದೆಗಳಲ್ಲಿ ಕೊಡಗಿನ ಮಣ್ಣೂ ಇದೆ. ಪಶ್ಚಿಮದ್ದು ಕಿರಿದಾದ ಪಟ್ಟಿ. ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಮಣ್ಣು ಇಳಿಸಿ ಹರಡಲು ಜಾಗವೂ ಇಲ್ಲ, ವ್ಯವಧಾನವೂ ಇಲ್ಲ. ಅದಕ್ಕೇ ನಮ್ಮ ಕರಾವಳಿಯಲ್ಲಿ ಮುಖಜಭೂಮಿಯ ಬದಲು ಅಳಿವೆಗಳಿವೆ. ಸಿಹಿನೀರಿಗೆ ಉಪ್ಪುನೀರು ಬೆರೆಯುವ ಆ ಜಾಗಕ್ಕೆ ಎಷ್ಟು ಚೆಂದದ ಕನ್ನಡ ಪದ!

ಇನ್ನು ದ್ವೀಪಗಳು. ಅಂಡಮಾನ್-ನಿಕೋಬಾರ್, ಮ್ಯಾನ್ಮಾರಿನ ಅರಕಾನ್ ಬೆಟ್ಟಸಾಲು ಕಡಲಲ್ಲಿ ಮುಳುಗಿ ಮತ್ತೆ ತಲೆ ತೋರಿದ ಶಿಖರಗಳು. ಅಲ್ಲಿಯ ಬ್ಯಾರನ್ ದ್ವೀಪ ಇಂದಿಗೂ ಜೀವಂತ ಜ್ವಾಲಾಮುಖಿ. ಲಕ್ಷದ್ವೀಪವನ್ನು ಕಟ್ಟಿದ್ದು ಬೆಟ್ಟವೂ ಅಲ್ಲ, ನದಿಯೂ ಅಲ್ಲ, ಹವಳದ ಹುಳುಗಳು. 36 ದ್ವೀಪ ಸೇರಿಸಿದರೂ ಸುಮಾರು 32 ಚದರ ಕಿಲೋಮೀಟರ್. ಅಲ್ಲಿನ ದಂಡೆಯ ಬಿಳಿ ಮರಳನ್ನು ಬೆರಳಲ್ಲಿ ಉಜ್ಜಿದರೆ ಸಿಗುವುದು ಲಾಲ್‌ಬಾಗಿನ ಬಂಡೆಯಂಥ ಕಲ್ಲಿನ ಪುಡಿಯಲ್ಲ, ಹವಳದ, ಚಿಪ್ಪಿನ ಚೂರು.