ದೋಣಿಯ ಗೋಡೆಯೊಳಗೆ ನೊರೆ!

ಮಕ್ಕಳೇ, ಅಂಗಡಿಗೆ ಸಾಮಾನು ತುಂಬಿಕೊಂಡು ಬರುವ ರಟ್ಟಿನ ಪೆಟ್ಟಿಗೆಯನ್ನು ನೀವು ನೋಡಿದ್ದೀರಿ. ಅದರ ಒಂದು ತುಂಡನ್ನು ಕತ್ತರಿಸಿ, ಅಂಚನ್ನು ಗಮನಿಸಿ. ಎರಡು ಕಾಗದಗಳ ನಡುವೆ ಅಲೆಯಂತೆ ಮಡಿಸಿದ ಇನ್ನೊಂದು ಕಾಗದವಿದೆ, ಅಲ್ಲವೇ? ಬಿಡಿಯಾಗಿ ಈ ಮೂರೂ ಕಾಗದಗಳು ಸುಲಭವಾಗಿ ಬಾಗುತ್ತವೆ. ಅಂಟಿಕೊಂಡಾಗ ಮಾತ್ರ ಗಟ್ಟಿ ರಟ್ಟಾಗುತ್ತವೆ. ಸಮುದ್ರದಲ್ಲಿ ಓಡುವ ಕೆಲವು ದೋಣಿಗಳನ್ನೂ ಇದೇ ಉಪಾಯದಿಂದ ಕಟ್ಟುತ್ತಾರೆ!

ಹಗುರವೂ ಬೇಕು, ಬಿಗಿಯೂ ಬೇಕು

ದೋಣಿಯ ಹೊರಮೈಯನ್ನು ಒಡಲು ಎನ್ನೋಣ. ಅಲೆಗಳ ಹೊಡೆತಕ್ಕೆ ಒಡಲು ಬಾಗಬಾರದು. ಹಾಗೆಂದು ಅದನ್ನು ದಪ್ಪಗೆ ಮಾಡಿದರೆ ತೂಕ ಹೆಚ್ಚುತ್ತದೆ. ತೂಕದ ದೋಣಿ ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತದೆ. ಅದನ್ನು ನಡೆಸಲು ಹೆಚ್ಚು ಶಕ್ತಿ ಬೇಕು.

ನಮ್ಮ ಕರಾವಳಿಯ ಮೀನುಗಾರರು ‘ಫೈಬರ್ ದೋಣಿ’ಗಳನ್ನು ಬಳಸುತ್ತಾರೆ. ಗಾಜಿನ ನಾರಿನ ಬಟ್ಟೆಗೆ ರಾಳವನ್ನು ಸವರಿ ಒಣಗಿಸಿದರೆ ಸಿಗುವ ಗಟ್ಟಿ ವಸ್ತುವೇ ಫೈಬರ್. ಅದನ್ನು ಎರಡು ತೆಳು ಪದರಗಳಾಗಿ ಮಾಡಿ, ನಡುವೆ ಹಗುರವಾದ ತಿರುಳನ್ನು ಇಟ್ಟರೆ ಏನಾಗುತ್ತದೆ?

ಒಂದು ರಬ್ಬರನ್ನು ಬಾಗಿಸಿ ನೋಡಿ. ಒಂದು ಬದಿ ಹಿಗ್ಗುತ್ತದೆ, ಇನ್ನೊಂದು ಬದಿ ಕುಗ್ಗುತ್ತದೆ. ನಡುವಿನ ಭಾಗ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಗಟ್ಟಿ ವಸ್ತು ಬೇಕಾದುದು ಎರಡು ಬದಿಗಳಲ್ಲಿ. ನಡುವೆ ಹಗುರ ವಸ್ತು ಸಾಕು. ನಮ್ಮ ತಲೆಬುರುಡೆಯ ಮೂಳೆಯೂ ಹೀಗೆಯೇ ಇದೆ. ಹೊರಗೂ ಒಳಗೂ ಗಟ್ಟಿ ಪದರ, ನಡುವೆ ಸ್ಪಂಜಿನಂಥ ಮೂಳೆ.

ಒಂದು ಸಣ್ಣ ಲೆಕ್ಕ

ಹಲಗೆಯ ಬಿಗಿತ ಅದರ ದಪ್ಪದ ಘನವನ್ನು ಅನುಸರಿಸುತ್ತದೆ. 1 ಸೆಂ.ಮೀ. ದಪ್ಪದ ಫೈಬರ್ ಹಲಗೆಯ ಬಿಗಿತ 1 ಎಂದುಕೊಳ್ಳಿ. ಅದನ್ನು ಅರ್ಧ ಅರ್ಧ ಸೆಂ.ಮೀ.ನ ಎರಡು ಪದರ ಮಾಡಿ, ನಡುವೆ 1 ಸೆಂ.ಮೀ. ನೊರೆ ಇಡಿ. ಒಟ್ಟು ದಪ್ಪ 2 ಸೆಂ.ಮೀ. 2ರ ಘನ 8. ನಡುವೆ ಫೈಬರ್ ಇಲ್ಲದ್ದರಿಂದ 1ರ ಘನವನ್ನು, ಅಂದರೆ 1ನ್ನು ಕಳೆಯಿರಿ. ಬಿಗಿತ ಸುಮಾರು 7 ಪಟ್ಟಾಯಿತು! 3 ಸೆಂ.ಮೀ. ನೊರೆ ಇಟ್ಟರೆ? 64ರಲ್ಲಿ 27 ಕಳೆದರೆ 37. ಫೈಬರ್ ಅಷ್ಟೇ ಇದೆ. ಹೆಚ್ಚಿದ್ದು ನೊರೆ ಮಾತ್ರ. ಒಂದು ಘನ ಮೀಟರ್ ನೀರು 1000 ಕಿ.ಗ್ರಾಂ. ತೂಗಿದರೆ, ದೋಣಿಗೆ ಬಳಸುವ ಒಂದು ಬಗೆಯ ನೊರೆ ಕೇವಲ 80 ಕಿ.ಗ್ರಾಂ. ತೂಗುತ್ತದೆ.

ಯಾವ ನೊರೆ?

ಇದು ಸಾಬೂನಿನ ನೊರೆಯಲ್ಲ. ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ಉಬ್ಬಿಸಿ ಮಾಡಿದ ಗಟ್ಟಿ ಹಾಳೆ. ಇದರಲ್ಲಿರುವ ಗಾಳಿಯ ಗುಳ್ಳೆಗಳೆಲ್ಲ ಮುಚ್ಚಿರುತ್ತವೆ. ಹಾಗಾಗಿ ಇದು ಸ್ಪಂಜಿನಂತೆ ನೀರು ಕುಡಿಯುವುದಿಲ್ಲ. ಥರ್ಮೋಕೋಲ್ ಆಗದೇ ಎಂದು ನೀವು ಕೇಳಬಹುದು. ಫೈಬರ್ ದೋಣಿಗೆ ಬಳಸುವ ಪಾಲಿಯೆಸ್ಟರ್ ರಾಳದಲ್ಲಿ ಥರ್ಮೋಕೋಲ್ ಕರಗಿಹೋಗುತ್ತದೆ!

ಪಟ್ಟಿ ಏಕೆ?

ಕಿತ್ತಳೆ ಹಣ್ಣಿಗೆ ಅಗಲ ಕಾಗದವನ್ನು ಸುತ್ತಿದರೆ ಸುಕ್ಕುಗಟ್ಟುತ್ತದೆ. ಸಣ್ಣ ಪಟ್ಟಿಗಳಾಗಿ ಕತ್ತರಿಸಿದರೆ ಚೆನ್ನಾಗಿ ಕೂರುತ್ತದೆ. ದೋಣಿಯ ಒಡಲೂ ಎರಡು ಕಡೆಗೆ ಬಾಗಿರುತ್ತದೆ. ಆದ್ದರಿಂದ ನೊರೆಯ ಹಾಳೆಯನ್ನು ಉದ್ದನೆಯ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಮೊದಲು ದೋಣಿಯ ಆಕಾರದ ಮರದ ಚೌಕಟ್ಟುಗಳನ್ನು ಸಾಲಾಗಿ, ತಲೆಕೆಳಗಾಗಿ ನಿಲ್ಲಿಸುತ್ತಾರೆ. ಅವುಗಳ ಮೇಲೆ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಅಂಟಿಸಿ, ಉಜ್ಜಿ ನಯಗೊಳಿಸುತ್ತಾರೆ. ಹೊರಗೆ ಗಾಜಿನ ನಾರಿನ ಬಟ್ಟೆ ಹೊದಿಸಿ ರಾಳ ಸವರುತ್ತಾರೆ. ಒಣಗಿದ ಮೇಲೆ ಮಗುಚಿ, ಚೌಕಟ್ಟು ತೆಗೆದು, ಒಳಗೂ ಹಾಗೆಯೇ ಮಾಡುತ್ತಾರೆ.

ತಿರುಳು ನೊರೆಯೇ ಆಗಬೇಕೆಂದಿಲ್ಲ, ಹಗುರ ಮರವೂ ಆದೀತು. ಗೋವಾದಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿ ‘ತಾರಿಣಿ’ಯ ಒಡಲಿನಲ್ಲಿ ಮರದ ತಿರುಳು, ಎರಡೂ ಬದಿಗೆ ಫೈಬರ್ ಇದೆ. 2017ರ ಸೆಪ್ಟೆಂಬರ್‌ನಲ್ಲಿ ವರ್ತಿಕಾ ಜೋಶಿ ಅವರ ಮುಂದಾಳತ್ವದಲ್ಲಿ 6 ಮಂದಿ ಮಹಿಳಾ ಅಧಿಕಾರಿಗಳು ಇದರಲ್ಲಿ ಹೊರಟರು. ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು.

ಅಂಟೇ ಜೀವಾಳ

ಪದರ ಮತ್ತು ತಿರುಳು ಎಲ್ಲಾದರೂ ಬಿಟ್ಟುಕೊಂಡರೆ ಮೇಲಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಪದರಗಳು ಜಾರಿ, ಒಡಲು ಬಾಗತೊಡಗುತ್ತದೆ. ಬೋಲ್ಟ್ ಹಾಕಿದ ತೂತಿನಿಂದ ನೀರು ಒಳಗೆ ನುಗ್ಗಿದರೂ ಅಂಟು ಸಡಿಲವಾಗಬಹುದು. ಅದಕ್ಕಾಗಿ ಬೋಲ್ಟ್ ಬರುವ ಕಡೆ ನೊರೆಯನ್ನು ತೆಗೆದು ಗಟ್ಟಿ ವಸ್ತುವನ್ನು ತುಂಬುತ್ತಾರೆ. ಹೊರಗೆ ಕಾಣದ ಈ ಕೆಲಸವನ್ನು ನಂಬಿಯೇ ಜನ ಸಮುದ್ರಕ್ಕೆ ಇಳಿಯುತ್ತಾರೆ.

ಮಾಡಿ ನೋಡಿ

ದಪ್ಪ ಡ್ರಾಯಿಂಗ್ ಕಾಗದದಿಂದ 30 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ 6 ಪಟ್ಟಿಗಳನ್ನು ಕತ್ತರಿಸಿ. ಅದೇ ಅಳತೆಯ 2 ತೆಳು ಥರ್ಮೋಕೋಲ್ ಪಟ್ಟಿಗಳೂ ಇರಲಿ.
1. ಎರಡು ಕಾಗದಗಳನ್ನು ಒಂದಕ್ಕೊಂದು ಅಂಟಿಸಿ.
2. ಎರಡು ಕಾಗದಗಳ ನಡುವೆ ಥರ್ಮೋಕೋಲ್ ಇಡಿ, ಅಂಟಿಸಬೇಡಿ.
3. ಇನ್ನೊಂದು ಜೊತೆಯ ನಡುವೆ ಥರ್ಮೋಕೋಲ್ ಇಟ್ಟು ಬಿಳಿ ಅಂಟಿನಿಂದ ಅಂಟಿಸಿ.
ಒಂದು ದಿನ ಒಣಗಲಿ. ಆಮೇಲೆ ಪ್ರತಿಯೊಂದನ್ನೂ ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು, ಮಧ್ಯದಲ್ಲಿ ಒಂದೊಂದೇ ಕಲ್ಲು ಇಡುತ್ತಾ ಹೋಗಿ. ಯಾವುದು ಬೇಗ ಬಾಗಿತು? ಎರಡನೆಯದಕ್ಕೂ ಮೂರನೆಯದಕ್ಕೂ ಏನು ವ್ಯತ್ಯಾಸ? ಏಕೆ? ಗೆಳೆಯರೊಂದಿಗೆ ಚರ್ಚಿಸಿ ಬರೆಯಿರಿ.