ನೆರೆಯವರಿಗಾಗಿ ಪ್ರಾರ್ಥಿಸಲು ಕಲಿಯುವ ಬಗೆ

“ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ” ಎಂದು ಮಾತು ಕೊಡುವುದು ಸುಲಭ. ಮಾಡಲು ಕೂತರೆ “ಕರ್ತನೇ, ಅವರನ್ನು ಆಶೀರ್ವದಿಸು” ಎನ್ನುವಷ್ಟರಲ್ಲಿ ಮಾತು ಮುಗಿದುಹೋಗುತ್ತದೆ. ಸತ್ಯವೇದದಲ್ಲಿ ಬೇರೆಯವರಿಗಾಗಿ ಬೇಡಿಕೊಂಡವರು ಅನೇಕರಿದ್ದಾರೆ, ಅವರಿಂದಲೇ ಕಲಿಯೋಣ. ಹಾಸನ ಜಿಲ್ಲೆಯ ನಮ್ಮ ಬಾಗೂರಿನಲ್ಲೋ ಸುತ್ತಲಿನ ಹಳ್ಳಿಗಳಲ್ಲೋ ಇರುವವರು ಮನೆಯಲ್ಲೇ ಶುರುಮಾಡಬಹುದು.

ಹಂತ 1: ಒಬ್ಬರನ್ನು ಆರಿಸಿಕೊಳ್ಳಿ
ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ನಾಲ್ವರು ಹೊತ್ತು ತಂದದ್ದು ಒಬ್ಬನೇ ರೋಗಿಯನ್ನು. ಜನಸಂದಣಿಯಲ್ಲಿ ದಾರಿ ಸಿಗದಿದ್ದಾಗ ಮಾಳಿಗೆ ಬಿಚ್ಚಿ ಅವನನ್ನು ಯೇಸುವಿನ ಮುಂದೆ ಇಳಿಸಿದರು. ನೀವೂ ಒಬ್ಬರಿಂದ ಆರಂಭಿಸಿ. ಏನು ಬೇಡಿಕೊಳ್ಳಲಿ ಎಂದು ಅವರನ್ನೇ ಕೇಳಿ. ಬೇರೆ ಧರ್ಮದವರಾದರೆ ಒಪ್ಪಿಗೆ ಪಡೆಯಿರಿ. ಅವರು ಹೇಳಿಕೊಂಡ ಕಷ್ಟ ನಿಮ್ಮಲ್ಲೇ ಇರಲಿ. ಅವರು ಒಪ್ಪದೆ ಪ್ರಾರ್ಥನಾ ಕೂಟದಲ್ಲೂ ಎತ್ತಬೇಡಿ. ಪ್ರಾರ್ಥನೆಯ ನೆಪದಲ್ಲಿ ಮನೆ ಮಾತು ಬೀದಿಗೆ ಬರಬಾರದು.

ಹಂತ 2: ಬಿಚ್ಚಿ ಕೇಳಿ
ಆದಿಕಾಂಡ 18 ಓದಿ. ಸೊದೋಮಿನಲ್ಲಿ 50 ಮಂದಿ ನೀತಿವಂತರಿದ್ದರೆ ಊರನ್ನು ಉಳಿಸುವೆಯಾ ಎಂದು ಅಬ್ರಹಾಮ ಕೇಳುತ್ತಾನೆ. ಆಮೇಲೆ 45, 40, 30, 20, ಕೊನೆಗೆ 10. ಸಂತೆಯಲ್ಲಿ ಚೌಕಾಶಿ ಮಾಡುವವನಷ್ಟು ಪಟ್ಟು. ಆದರೆ ತಾನು ಬರೀ ಮಣ್ಣು, ಬೂದಿ ಎಂಬ ವಿನಯವೂ ಇದೆ. ಊರು ಉಳಿಯಲಿಲ್ಲ, ಹತ್ತು ಮಂದಿಯೂ ಸಿಗಲಿಲ್ಲ. ಆದರೂ ದೇವರು ಅಬ್ರಹಾಮನನ್ನು ನೆನೆದು, ಅಲ್ಲಿದ್ದ ಅವನ ಬಂಧು ಲೋಟನನ್ನು ಪಾರುಮಾಡಿದನೆಂದು ಮುಂದಿನ ಅಧ್ಯಾಯ ಹೇಳುತ್ತದೆ. ಕೇಳಬೇಕಾದ್ದನ್ನು ಧೈರ್ಯವಾಗಿ ಕೇಳಿ, ತೀರ್ಮಾನವನ್ನು ದೇವರಿಗೆ ಬಿಡಿ.

ಹಂತ 3: ಪೌಲನ ಪತ್ರದಲ್ಲಿ ಅವರ ಹೆಸರು ಸೇರಿಸಿ
ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಇದೇ. ಫಿಲಿಪ್ಪಿಯವರಿಗೆ 1:9–11, ಕೊಲೊಸ್ಸೆಯವರಿಗೆ 1:9–12 ತೆರೆಯಿರಿ. ಸೆರೆಯಲ್ಲಿದ್ದ ಪೌಲ ಇಲ್ಲಿ ಕಷ್ಟ ತೊಲಗಲಿ ಎಂದಷ್ಟೇ ಬೇಡುವುದಿಲ್ಲ. ಪ್ರೀತಿ ಬೆಳೆಯಲಿ, ವಿವೇಕ ಬರಲಿ, ತಾಳ್ಮೆ ಗಟ್ಟಿಯಾಗಲಿ ಎನ್ನುತ್ತಾನೆ. ಒಂದೊಂದು ವಾಕ್ಯ ಓದಿ, ಅಲ್ಲಿ ನಿಮ್ಮವರ ಹೆಸರಿಟ್ಟು, ನಿಮ್ಮದೇ ಮಾತಿನಲ್ಲಿ ಹೇಳಿ. ಪಕ್ಕದ ತೋಟದವರಿಗೆ ಸಾಲದ ಕಾಟವೇ? ಕೊಬ್ಬರಿಗೆ ಒಳ್ಳೆ ಬೆಲೆ ಸಿಗಲಿ, ಸಾಲ ತೀರಲಿ ಎಂದು ಮೊದಲು ನೇರವಾಗಿ ಕೇಳಿ. ಆಮೇಲೆ, ಅವಸರದಲ್ಲಿ ಜಮೀನು ಮಾರದಂತೆ ವಿವೇಕ ಕೊಡು, ಗಂಡ ಹೆಂಡಿರ ನಡುವೆ ಮಾತು ಕೆಡದಿರಲಿ, ರಾತ್ರಿ ನಿದ್ದೆ ಬರಲಿ ಎಂದು ಸೇರಿಸಿ.

ಹಂತ 4: ಜೊತೆಗೊಬ್ಬರಿರಲಿ
ವಿಮೋಚನಕಾಂಡ 17ರಲ್ಲಿ ಯುದ್ಧ ನಡೆಯುವಾಗ ಎತ್ತಿಹಿಡಿದಿದ್ದ ಮೋಶೆಯ ಕೈ ಸೋತಾಗ ಆರೋನ, ಹೂರ ಅವನನ್ನು ಕಲ್ಲಿನ ಮೇಲೆ ಕೂರಿಸಿ ಎರಡೂ ಕೈ ಎತ್ತಿಹಿಡಿದರು. ವಾರಕ್ಕೊಂದು ಹೊತ್ತು ಗೊತ್ತುಮಾಡಿಕೊಂಡು ಇಬ್ಬರು ಕೂತರೆ ಸಾಕು.

ಹಂತ 5: ಸೀಮೆಗಾಗಿ ಬೇಡಿ
ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದದ್ದು (29ನೇ ಅಧ್ಯಾಯ) ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು. ನಮ್ಮ ಸೀಮೆಯ ಕ್ಷೇಮ ಹೇಮಾವತಿಯ ನೀರಿನಲ್ಲಿದೆ. ಗೊರೂರು ಅಣೆಕಟ್ಟಿನ ಹಿನ್ನೀರು ಶೆಟ್ಟಿಹಳ್ಳಿಯನ್ನು ಮುಳುಗಿಸಿತು; ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಚರ್ಚು ಇಂದಿಗೂ ಜಲಾಶಯ ತುಂಬಿದಾಗ ಅರ್ಧ ನೀರಿನಲ್ಲಿ ನಿಲ್ಲುತ್ತದೆ. ಅದೇ ಹೊಳೆಯ ನೀರು ಬಾಗೂರು–ನವಿಲೆ ಸುರಂಗ ಹಾದು ತುಮಕೂರು ಜಿಲ್ಲೆಗೆ ಹರಿಯುತ್ತದೆ. ಊರು ಬಿಟ್ಟವರನ್ನೂ, ನೀರಿಗೆ ಕಾಯುವವರನ್ನೂ, ನೀರು ಹಂಚುವ ಅಧಿಕಾರಿಗಳನ್ನೂ ಪ್ರಾರ್ಥನೆಯಲ್ಲಿ ನೆನೆಯಿರಿ.

ಹಂತ 6: ಎದ್ದು ಹೋಗಿ
ಕಾಯಿಲೆಯವರಿಗೆ ಪ್ರಾರ್ಥಿಸಿದ ಮೇಲೆ ಆಸ್ಪತ್ರೆಗೂ ಜೊತೆಯಲ್ಲಿ ಹೋಗಿ. ಔಷಧಿ ನಿಲ್ಲಿಸಲು ಯಾರಿಗೂ ಹೇಳಬೇಡಿ.

ಮನಸ್ಸು ನೋಯಿಸಿದವರ ಹೆಸರು ಬಂದಾಗ ನಾಲಿಗೆ ತಡೆಯುತ್ತದೆ. ಆಗ ಯೋಬನ ಪುಸ್ತಕದ ಕೊನೆಯ ಅಧ್ಯಾಯ ಓದಿ. ತನ್ನನ್ನು ಚುಚ್ಚಿದ ಗೆಳೆಯರಿಗಾಗಿಯೇ ಅವನು ಬೇಡಿಕೊಂಡ. ಜನ ತನ್ನನ್ನು ಬದಿಗಿಟ್ಟು ಅರಸನನ್ನು ಕೇಳಿದರೂ, ಅವರಿಗಾಗಿ ಪ್ರಾರ್ಥಿಸುವುದನ್ನು ಬಿಟ್ಟರೆ ಅದು ಪಾಪ ಎಂದವನು ಸಮುವೇಲ. ಇವತ್ತು ರಾತ್ರಿ ಮಲಗುವ ಮುಂಚೆ ಒಬ್ಬರ ಹೆಸರು ಹಿಡಿದು ಶುರುಮಾಡಿ.